ಹೊಳೆದ ಜಾಗವೇ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲೂ ಸಿಗಬೇಕಾದರೆ

ಬದಿಯಡ್ಕ, ಪೆರ್ಲ ಕಡೆಯ ತೋಟಗಳಿಂದ ಹಳದಿ ಎಲೆ ರೋಗದ ಅಡಿಕೆ ಸೋಗೆ ತಂದು ಪರೀಕ್ಷಿಸುವ ವಿದ್ಯಾರ್ಥಿಗಳು ಎಡವುವುದು ಹೆಚ್ಚಾಗಿ ಒಂದೇ ಕಡೆ. ಫ್ಲೋರೊಸೆನ್ಸ್‌ನಲ್ಲಿ (ಬಣ್ಣ ಹಾಕಿ ಯುವಿ ಬೆಳಕಿನಲ್ಲಿ ನೋಡುವಾಗ) ಹೊಳೆದದ್ದು ಒಂದು ಜರಡಿನಾಳ (ಆಹಾರ ಸಾಗಿಸುವ ನಾಳ), ಎಲೆಕ್ಟ್ರಾನ್ ಚಿತ್ರ ತೆಗೆದದ್ದು ಇನ್ನೊಂದು. ಆ ನಾಳದೊಳಗಿದ್ದು ರೋಗ ತರುವ ಫೈಟೊಪ್ಲಾಸ್ಮಾದ (ಕೋಶಗೋಡೆಯಿಲ್ಲದ ಬ್ಯಾಕ್ಟೀರಿಯಾ) ಗಾತ್ರವೇ 0.2ರಿಂದ 0.8 ಮೈಕ್ರೊಮೀಟರ್, ಪಕ್ಕದ ಸೆಕ್ಷನ್ (ಕತ್ತರಿಸಿದ ತೆಳು ಪದರ) ಸಾಲದು, ಅದೇ ಸೆಕ್ಷನ್ನನ್ನು ಎರಡರಲ್ಲೂ ನೋಡಬೇಕು.

ನಡುನರವನ್ನು 1 ಮಿ.ಮೀ. ಚೂರು ಮಾಡಿ, 4% ಪ್ಯಾರಾಫಾರ್ಮಾಲ್ಡಿಹೈಡ್, 0.2% ಗ್ಲುಟರಾಲ್ಡಿಹೈಡ್ ಇರುವ ಫಾಸ್ಫೇಟ್ ಬಫರಿಗೆ ಹಾಕಿ ವ್ಯಾಕ್ಯೂಮ್ ಕೊಡಿ. ಚೂರು ತೇಲುತ್ತಿದ್ದರೆ ಒಳಗಿನ್ನೂ ಗಾಳಿಯಿದೆ. ಗ್ಲುಟರಾಲ್ಡಿಹೈಡ್ ಜಾಸ್ತಿಯಾದರೆ ಅಂಗಾಂಶವೇ ಹೊಳೆಯುತ್ತದೆ, ಪೊರೆಗಳನ್ನು ಕಪ್ಪಾಗಿಸುವ ಆಸ್ಮಿಯಂ ಹಾಕಿದರೆ ಹೊಳಪೇ ಸಾಯುತ್ತದೆ. ಬಳಿಕ ನೀರಿನಂಶ ತೆಗೆಯಲು ಎಥನಾಲ್, ಚೂರನ್ನು ಗಟ್ಟಿಗೊಳಿಸಲು ಎಲ್‌ಆರ್ ವೈಟ್ ರೆಸಿನ್, ಬಿಗಿಯಾಗಿ ಮುಚ್ಚಿದ ಜೆಲಾಟಿನ್ ಕ್ಯಾಪ್ಸೂಲ್, 55 ಡಿಗ್ರಿಯಲ್ಲಿ ಒಂದು ದಿನ. ಅವಧಿ ಮೀರಿದ ರೆಸಿನ್ ಅಗ್ಗಕ್ಕೆ ಸಿಕ್ಕರೂ ಬೇಡ.

ಅಡಿಕೆಯ ನಾರಿಗೆ ತಾಗಿಕೊಂಡು ಸಿಲಿಕಾ ಕಣಗಳಿರುತ್ತವೆ. ನಾರನ್ನು ಟ್ರಿಮ್ ಮಾಡದೆ ಸೆಕ್ಷನ್ ಕತ್ತರಿಸುವ ಡೈಮಂಡ್ ನೈಫಿಗೆ ಕೊಟ್ಟರೆ ಅಂಚು ಹೋಯಿತೆಂದೇ ಲೆಕ್ಕ.

ಅಕ್ಷರ ಕೆತ್ತಿದ, ಫಾರ್ಮ್‌ವಾರ್ (ತೆಳು ಪ್ಲಾಸ್ಟಿಕ್) ಪದರವಿರುವ ಫೈಂಡರ್ ಗ್ರಿಡ್ (ಜಾಗ ಗುರುತಿಸುವ ಪುಟ್ಟ ಲೋಹದ ಜಾಲರಿ) ಮೇಲೆ 100 ನ್ಯಾನೊಮೀಟರ್ ಸೆಕ್ಷನ್ ಎತ್ತಿ, ಡಿಎನ್‌ಎಗೆ ಅಂಟಿ ಹೊಳೆಯುವ ಡಿಎಪಿಐ ಬಣ್ಣದಲ್ಲಿ (ಮಿಲಿಲೀಟರಿಗೆ 1 ಮೈಕ್ರೊಗ್ರಾಂ) 10 ನಿಮಿಷ ಇಡಿ. ಕವರ್‌ಸ್ಲಿಪ್ ಕೆಳಗೆ ನೀರು ಮಾತ್ರ. ಗಟ್ಟಿಯಾಗುವ ಮೌಂಟೆಂಟ್ ಹಾಕಿದರೆ ಗ್ರಿಡ್ ವಾಪಸ್ ಬರುವುದಿಲ್ಲ.

ಇನ್ನು ನಿಜವಾದ ಕೆಲಸ. ಮೊದಲು 10x ಲೆನ್ಸಿನಲ್ಲಿ ಅಕ್ಷರಗಳು ಕಾಣುವಂತೆ ಇಡೀ ಗ್ರಿಡ್ಡಿನ ಚಿತ್ರ, ಆಮೇಲೆ ಅದೇ ಚೌಕದ್ದು 40xನಲ್ಲಿ ಸಾದಾ ಬೆಳಕಿನಲ್ಲೊಂದು, ಯುವಿಯಲ್ಲೊಂದು. ನೀರು ಸಾಗಿಸುವ ಕ್ಸೈಲಮ್ ನಾಳದ ಗೋಡೆ ಲಿಗ್ನಿನ್‌ನಿಂದ ತಾನಾಗಿ ಹೊಳೆಯುವುದರಿಂದ ಒಳ್ಳೆಯ ಗುರುತು. ಒಂದೇ ಗೆರೆಯಲ್ಲಿಲ್ಲದ ನಾಲ್ಕೈದು ಗುರುತುಗಳನ್ನು ಗುರಿಯ ಸುತ್ತ ಆರಿಸಿ.

ಗ್ರಿಡ್ ತೊಳೆದು, ಎಲೆಕ್ಟ್ರಾನ್ ಚಿತ್ರದಲ್ಲಿ ಎಲ್ಲ ಎದ್ದು ಕಾಣಲು 2% ಯುರೇನಿಲ್ ಅಸಿಟೇಟ್ 10 ನಿಮಿಷ, ಲೆಡ್ ಸಿಟ್ರೇಟ್ 2 ನಿಮಿಷ. ಸುತ್ತ, ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರುವ ಸೋಡಿಯಂ ಹೈಡ್ರಾಕ್ಸೈಡ್ ಗುಳಿಗೆ ಇಡದಿದ್ದರೆ ಕರಿ ಚುಕ್ಕೆ ಗ್ಯಾರಂಟಿ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಹೋಲ್ಡರಿನಲ್ಲಿ ಗ್ರಿಡ್ ಮಗುಚಿದ್ದರೆ ಚಿತ್ರ ಕನ್ನಡಿಬಿಂಬ. ಅಕ್ಷರ ಉಲ್ಟಾ ಇದೆಯೇ ನೋಡಿ. ಹಲವು ಉಪಕರಣಗಳಲ್ಲಿ ವರ್ಧನೆ ಬದಲಿಸಿದಾಗ ಚಿತ್ರ ತಿರುಗುವುದರಿಂದ ಕಡಿಮೆ ವರ್ಧನೆಯಲ್ಲೇ ಚೌಕ ಹುಡುಕಿಕೊಳ್ಳಿ.

ಚಿತ್ರ ಸಂಸ್ಕರಣೆಯ ಫಿಜಿ ತಂತ್ರಾಂಶದ ಬಿಗ್‌ವಾರ್ಪ್‌ನಲ್ಲಿ ಎರಡೂ ಚಿತ್ರ ಕೂಡಿಸುವಾಗ ಹೊಳೆದ ಚುಕ್ಕೆಯನ್ನೇ ಗುರುತಾಗಿ ಕೊಡಬೇಡಿ. ಕೊಟ್ಟರೆ ಅದು ಕೂಡಿಯೇ ಕೂಡುತ್ತದೆ, ಸಾಬೀತಾಗುವುದು ಏನೂ ಇಲ್ಲ. ಒಂದು ಗುರುತನ್ನು ಲೆಕ್ಕದಿಂದ ಹೊರಗಿಟ್ಟು, ಅದು ಎಷ್ಟು ಪಕ್ಕಕ್ಕೆ ಬಿತ್ತೆಂದು ಅಳೆಯಿರಿ. 1 ಮೈಕ್ರೊಮೀಟರ್ ದಾಟಿದರೆ ಮತ್ತೆ ಕೂಡಿಸಿ.

ಬೆಳೆದ ಜರಡಿನಾಳದಲ್ಲಿ ನ್ಯೂಕ್ಲಿಯಸ್ ಇಲ್ಲ, ಪಕ್ಕದ ಸಂಗಾತಿ ಕೋಶದಲ್ಲಿದೆ, ಅದೂ ಹೊಳೆಯುತ್ತದೆ; ಮೋಸ ಹೋಗುವುದು ಅಲ್ಲೇ. ಆಸ್ಮಿಯಂ ಇಲ್ಲದ್ದರಿಂದ ಪೊರೆಗಳು ಬಿಳಿ ಗೆರೆಯಾಗಿ ಕಾಣುತ್ತವೆ. ಒಳಮಡಿಕೆಯಿದ್ದರೆ ಅದು ಫೈಟೊಪ್ಲಾಸ್ಮಾ ಅಲ್ಲ, ಮೈಟೊಕಾಂಡ್ರಿಯಾ. ರೋಗವಿಲ್ಲದ ಮರದ ಎಲೆಯನ್ನೂ ಅದೇ ದಿನ, ಅದೇ ಬಾಟಲಿಗಳಿಂದ ಸಿದ್ಧಪಡಿಸಿ.