ಡಿಶ್ ಹಾಕಿ ಹವಾಮಾನ ಉಪಗ್ರಹದ ಡೇಟಾ ಇಳಿಸಿಕೊಂಡ ನನ್ನ ಅನುಭವ

ಉಪಗ್ರಹದ ಹವಾಮಾನ ಡೇಟಾ ಬೇಕಾದರೆ ವೇಗದ ಇಂಟರ್ನೆಟ್ ಇರಲೇಬೇಕು ಅಂತ ತುಂಬ ಜನ ಅಂದುಕೊಂಡಿದ್ದಾರೆ. ಇರಲೇಬೇಕು ಅಂತೇನಿಲ್ಲ. ಡಿಶ್‌ಗೆ ಟಿವಿ ಚಾನೆಲ್ ಬರುವ ದಾರಿಯಲ್ಲೇ ಅದೂ ಬರುತ್ತದೆ. ಜಿಯೋನೆಟ್‌ಕಾಸ್ಟ್ ಅನ್ನುವ ಜಾಗತಿಕ ವ್ಯವಸ್ಥೆ ಕೆಲಸ ಮಾಡುವುದೇ ಹೀಗೆ. ಯುರೋಪಿನ ಹವಾಮಾನ ಉಪಗ್ರಹ ಸಂಸ್ಥೆ ಯುಮೆಟ್‌ಸ್ಯಾಟ್ ನಡೆಸುವ ಯುಮೆಟ್‌ಕಾಸ್ಟ್, ಅಮೆರಿಕದ ಹವಾಮಾನ ಸಂಸ್ಥೆ ನೋವಾ ನಡೆಸುವ ಜಿಯೋನೆಟ್‌ಕಾಸ್ಟ್ ಅಮೆರಿಕಾಸ್, ಚೀನಾದ ಸಿಎಂಎಕಾಸ್ಟ್ ಇದರಲ್ಲಿ ಸೇರಿವೆ. ಹತ್ತು ಜನ ಹಿಡಿದರೂ ಸಾವಿರ ಜನ ಹಿಡಿದರೂ ಕಳಿಸುವವರಿಗೆ ಹೊರೆ ಒಂದೇ. ನನಗೆ ಇದು ತುಂಬ ಇಷ್ಟವಾದ ವಿಷಯ.

ನಾನು ಹಾಕಿಕೊಂಡದ್ದು ಯುಮೆಟ್‌ಕಾಸ್ಟ್‌ನ ಕು-ಬ್ಯಾಂಡ್ (ಮನೆಯ ಡಿಶ್ ಟಿವಿ ಬಳಸುವ ರೇಡಿಯೊ ಅಲೆಗಳ ಪಟ್ಟಿ) ಸ್ಟೇಷನ್. ಸಾಮಾನು ಜಾಸ್ತಿ ಇಲ್ಲ. ಡಿಶ್, ಎಲ್‌ಎನ್‌ಬಿ (ಡಿಶ್ ಮುಂದೆ ಕೂತು ಸಿಗ್ನಲ್ ಹಿಡಿಯುವ ಭಾಗ), ಕೇಬಲ್, ಉಪಗ್ರಹ ಸಿಗ್ನಲ್ ಓದುವ ಡಿವಿಬಿ-ಎಸ್2 ರಿಸೀವರ್, ಕಂಪ್ಯೂಟರ್, ಬಂದ ಡೇಟಾವನ್ನು ಫೈಲಾಗಿಸುವ ಟೆಲ್ಲಿಕಾಸ್ಟ್ ಸಾಫ್ಟ್‌ವೇರ್. ನೋಂದಣಿ ಮಾಡಿಸಿಕೊಂಡು ಒಂದು ಯುಎಸ್‌ಬಿ ಕೀ ತರಿಸಿಕೊಂಡೆ. ಲಾಕ್ ಆಗಿರುವ ಡೇಟಾ ತೆರೆಯಲು ಅದು ಬೇಕು.

ಹೆಚ್ಚು ತಲೆ ಕೆಡಿಸಿಕೊಂಡದ್ದು ಡಿಶ್ ಬಗ್ಗೆ. ಇದು ಒನ್-ವೇ ದಾರಿ. ಡೇಟಾದ ಒಂದು ತುಂಡು ಬರಲಿಲ್ಲ ಅಂದರೆ "ಮತ್ತೆ ಕಳಿಸಿ" ಅಂತ ಇಲ್ಲಿಂದ ಕೇಳುವ ಹಾಗಿಲ್ಲ. ತಪ್ಪು ಸರಿಪಡಿಸುವ ಬಿಟ್‌ಗಳು ಜೊತೆಗೇ ಬರುತ್ತವೆ, ನಿಜ. ಸಿಗ್ನಲ್ ತೀರಾ ಕುಸಿದರೆ ಅವೂ ಕೈಕೊಡುತ್ತವೆ. ನಾನು ಇಳಿಸಿಕೊಳ್ಳುತ್ತಿದ್ದದ್ದು ಯುಮೆಟ್‌ಸ್ಯಾಟ್‌ನ ಎರಡನೇ ತಲೆಮಾರಿನ ಮೀಟಿಯೋಸ್ಯಾಟ್ ಉಪಗ್ರಹಗಳ ಚಿತ್ರಗಳನ್ನು. 15 ನಿಮಿಷಕ್ಕೊಂದು ಸುತ್ತು ಚಿತ್ರ, ಸುತ್ತಿಗೆ 12 ಚಾನೆಲ್, ಅಂದರೆ ಬೇರೆ ಬೇರೆ ತರಂಗಾಂತರದಲ್ಲಿ ತೆಗೆದ ಚಿತ್ರಗಳು. ಒಂದೊಂದು ಚಾನೆಲ್ಲೂ 8 ತುಂಡಾಗಿ ಬರುತ್ತದೆ, ಹೆಚ್ಚು ಸ್ಪಷ್ಟತೆಯದ್ದು 24 ತುಂಡಾಗಿ. ಒಂದು ತುಂಡು ತಪ್ಪಿದರೂ ಚಿತ್ರದಲ್ಲಿ ಕಪ್ಪು ಪಟ್ಟಿ.

ಇನ್ನೊಂದು ಸಂಕಟ ನೋಡಿ. ಕು-ಬ್ಯಾಂಡ್ ಸಿಗ್ನಲ್ ಜೋರು ಮಳೆಗೆ ಸೊರಗುತ್ತದೆ. ಚಿತ್ರ ಅತಿ ಮುಖ್ಯವಾಗುವುದು ಮೋಡ ತಲೆ ಮೇಲೆ ಬಂದಾಗಲೇ, ಅಲ್ವಾ? ಯುಮೆಟ್‌ಕಾಸ್ಟ್ ಆಫ್ರಿಕಾಕ್ಕೆ ಸಿ-ಬ್ಯಾಂಡ್ (ಕು-ಬ್ಯಾಂಡಿಗಿಂತ ಕಡಿಮೆ ಆವರ್ತನದ ಪಟ್ಟಿ) ಆರಿಸಿಕೊಂಡದ್ದರ ಹಿಂದೆ ಈ ಮಳೆಯ ಲೆಕ್ಕವೂ ಇದೆ. ಅದಕ್ಕೆ ದೊಡ್ಡ ಡಿಶ್ ಬೇಕು, ಆದರೆ ಮಳೆಗೆ ಅಷ್ಟಾಗಿ ಬಗ್ಗುವುದಿಲ್ಲ. ನಾನು ಕು-ಬ್ಯಾಂಡಿನಲ್ಲೇ ಇದ್ದೆ, ಹಾಗಾಗಿ ಸಾಕಾಗುವುದಕ್ಕಿಂತ ಒಂದು ಅಳತೆ ದೊಡ್ಡ ಡಿಶ್ ಹಾಕಿಸಿದೆ. ರಿಸೀವರ್ ತೋರಿಸುವ ಸಿಗ್ನಲ್ ಅಂಕಿ ನೋಡುತ್ತಾ ಎಲ್‌ಎನ್‌ಬಿಯನ್ನು ಚೂರುಚೂರೇ ತಿರುಗಿಸಿದೆ. ಬೋಲ್ಟ್ ಬಿಗಿ ಮಾಡುವಾಗ ಡಿಶ್ ಸ್ವಲ್ಪ ಸರಿಯುತ್ತದೆ, ಹಾಗಾಗಿ ಬಿಗಿ ಮಾಡಿದ ಮೇಲೂ ಅಂಕಿ ನೋಡಲೇಬೇಕು. ಬಿಸಿಲಿರುವ ದಿನ "ಸಿಗ್ನಲ್ ಲಾಕ್ ಆಯ್ತು" ಅಂತ ಬಿಟ್ಟುಬಿಟ್ಟರೆ ಸಾಲದು. ಮಳೆಯಲ್ಲಿ ಕಳೆದುಕೊಳ್ಳಲು ಸಿಗ್ನಲ್‌ನಲ್ಲಿ ಎಷ್ಟು ಡೆಸಿಬೆಲ್ (ಸಿಗ್ನಲ್ ಬಲದ ಅಳತೆ) ಮಿಕ್ಕಿದೆ ಅನ್ನುವುದೇ ನನಗೆ ಮುಖ್ಯವಾಗಿತ್ತು.

ಕಂಪ್ಯೂಟರ್ ಕಡೆ ಕೆಲಸ ಕಡಿಮೆ. ತಾತ್ಕಾಲಿಕ ಫೋಲ್ಡರನ್ನು ರ್‍ಯಾಮ್ ಡಿಸ್ಕ್‌ನಲ್ಲಿಟ್ಟೆ, ಅಂದರೆ ಕಂಪ್ಯೂಟರಿನ ಮೆಮೊರಿಯಲ್ಲೇ. ಸಣ್ಣ ಸಣ್ಣ ಫೈಲುಗಳನ್ನು ಬರೆಯುವುದರಲ್ಲೇ ಹಾರ್ಡ್ ಡಿಸ್ಕ್ ಹಿಂದೆ ಬಿದ್ದರೂ ತುಂಡು ತಪ್ಪುತ್ತದೆ. ಯುಮೆಟ್‌ಕಾಸ್ಟ್‌ನಲ್ಲಿ ಬೇಡದ ಡೇಟಾ ಚಾನೆಲ್‌ಗಳನ್ನು ಸುಮ್ನೆ ತೆರೆದಿಡಲಿಲ್ಲ. ಹಳೆಯ ಫೈಲು ಅಳಿಸಲು ಒಂದು ಸ್ಕ್ರಿಪ್ಟ್, ಸುತ್ತಿಗೆ ಎಷ್ಟು ತುಂಡು ಬಂದವು ಅಂತ ಎಣಿಸಲು ಇನ್ನೊಂದು. ಎಣಿಕೆ ಕಮ್ಮಿ ಬಂದ ಹೊತ್ತನ್ನು ಮಳೆ ಬಂದ ಹೊತ್ತಿನ ಪಕ್ಕ ಇಟ್ಟು ನೋಡುತ್ತಿದ್ದೆ. ಮಳೆಯಿಲ್ಲದಾಗ ತುಂಡು ತಪ್ಪಿದ್ದರೆ ಮೊದಲು ಕೇಬಲ್ಲಿನ ಕನೆಕ್ಟರ್ ಬಿಚ್ಚಿ ನೀರು ಹೋಗಿದೆಯಾ ನೋಡುವುದು, ಆಮೇಲೆ ಕಂಪ್ಯೂಟರ್.