ಎತ್ತರದ ಅಡಿಗೆಕೋಣೆಗೆ ಗೋಡೆ ಕಪಾಟು ಮಾಡಿಸುವ ಮೊದಲು ಒಂದು ಚಾಕ್‌ಪೀಸ್ ಹಿಡ್ಕೊಳ್ಳಿ

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ನೀರ್ಚಾಲು ಕಡೆ ಹಳೆ ಹಂಚಿನ ಮನೆ ರಿಪೇರಿ ಮಾಡಿಸುವವರು ಸಿಕ್ಕಿದ್ರೆ ಕೇಳುದು ಇದೊಂದೇ, ಅಡಿಗೆಕೋಣೆ 11 ಅಡಿ ಎತ್ತರ ಉಂಟು, ಗೋಡೆ ಕಪಾಟು ಮೇಲಿನವರೆಗೆ ಹಾಕುದಾ ಬೇಡ್ವಾ ಅಂತ. ನಾವು ಒಮ್ಮೆ ಹಾಕಿಸಿದ್ದೆವು. ಕೆಲಸದವರು ಬಂದು ಟೇಪ್ ಹಿಡಿದು ಗೋಡೆ ಅಳೆದರು, ಕಿಟಕಿ ಅಳೆದರು, ಅಲ್ಲಿ ದಿನಾ ಅಡಿಗೆ ಮಾಡುವ ಅಮ್ಮನನ್ನು ಯಾರೂ ಅಳೆಯಲಿಲ್ಲ, ನನಗೂ ಹೊಳೀಲಿಲ್ಲ. ಅಮ್ಮ ಐದಡಿ ಇಲ್ಲ. ಒಂದು ದಿನ ಮೇಲಿನಿಂದ ಅಟ್ಟಿನಳಗೆ (ಕಡುಬು ಬೇಯಿಸುವ ಪಾತ್ರೆ) ತೆಗೀಲಿಕ್ಕೆ ಪ್ಲಾಸ್ಟಿಕ್ ಸ್ಟೂಲ್ ಹತ್ತಿದ್ದು, ಸ್ಟೂಲ್ ಜಾರಿ ಬಿದ್ದು ಕೈಯ ಎಲುಬು ಮುರಿಯಿತು. ಆಮೇಲೆ ಅದನ್ನೆಲ್ಲ ತೆಗೆಸಿ ಪುನಃ ಮಾಡಿಸಿದ್ದು, ಆಗ ಕಲಿತದ್ದನ್ನು ಇಲ್ಲಿ ಬರೀತಿದ್ದೇನೆ.

ಮೊದಲು ಚಾಕ್‌ಪೀಸ್ ಕೆಲಸ. ಅಡಿಗೆ ಮಾಡುವವರು ಯಾರೋ ಅವರನ್ನೇ ಅಡಿಗೆ ಸ್ಲ್ಯಾಬಿನ ಎದುರು ನಿಲ್ಲಿಸಿ, ಎರಡೂ ಪಾದ ನೆಲಕ್ಕೆ ತಾಗಿರ್ಬೇಕು, ತುದಿಗಾಲಲ್ಲಿ ನಿಲ್ಲುವ ಹಾಗಿಲ್ಲ, ಹಾಗೆ ನಿಂತು ಕೈ ಮುಂದೆ ಮೇಲೆ ಚಾಚಿ ಒಂದು ಡಬ್ಬ ಹಿಡಿಯುವ ಹಾಗೆ ಮಾಡ್ಲಿಕ್ಕೆ ಹೇಳಿ. ಅಂಗೈ ಇರುವ ಎತ್ತರದಲ್ಲಿ ಗೋಡೆಗೆ ಗೆರೆ ಹಾಕಿ, ಬೆರಳಿನ ತುದಿಯಲ್ಲಿ ಅಲ್ಲ, ಬೆರಳ ತುದಿಯಲ್ಲಿ ಡಬ್ಬ ಇಳಿಸ್ಲಿಕ್ಕೆ ಆಗುದಿಲ್ಲ. ಐದಡಿಯವರಿಗೆ ಸಾಧಾರಣ ಐದೂವರೆಯಿಂದ ಐದೂಮುಕ್ಕಾಲು ಅಡಿಯ ಹತ್ತಿರ ಗೆರೆ ಬರ್ತದೆ. ಸ್ಲ್ಯಾಬ್ ಎರಡಡಿ ಅಗಲ ಇರುವ ಕಾರಣ ಕೈ ಅಷ್ಟು ತಗ್ಗುದು. ದಿನಾ ಬೇಕಾದ್ದೆಲ್ಲ ಈ ಗೆರೆಯ ಕೆಳಗೆ ಕೂರಬೇಕು, ಉಳಿದ ಲೆಕ್ಕ ಎಲ್ಲ ಇದರ ಮೇಲೆ.

ಈಗ ಇಂಚಿನ ಲೆಕ್ಕ. ಸ್ಲ್ಯಾಬ್ ನೆಲದಿಂದ 33 ಇಂಚು ಅಂತ ಇಟ್ಕೊಳ್ಳಿ, ಅದರ ಮೇಲೆ ಮಿಕ್ಸಿ ಇಡ್ಲಿಕ್ಕೆ, ಕೆಲಸ ಮಾಡ್ಲಿಕ್ಕೆ 20 ಇಂಚು ಖಾಲಿ ಬಿಟ್ರೆ 53 ಇಂಚಿಗೆ ಕಪಾಟಿನ ಅಡಿ ಬರ್ತದೆ. ಕಪಾಟು 31 ಇಂಚು ಎತ್ತರ ಮಾಡಿದ್ರೆ ಸರಿಯಾಗಿ 84, ಅಂದ್ರೆ 7 ಅಡಿಗೆ ಮುಗೀತದೆ. ಈ 7 ಅಡಿ ನಾನು ಸುಮ್ಮನೆ ಹೇಳುದಲ್ಲ, ಬಾಗಿಲು ಕಿಟಕಿಯ ಲಿಂಟಲ್ ಹೆಚ್ಚಾಗಿ ಅಲ್ಲೇ ಇರ್ತದೆ, ಕಪಾಟಿನ ತಲೆ ಕಿಟಕಿಯ ತಲೆಗೆ ಸಮ ಬಂದ್ರೆ ಎತ್ತರದ ಕೋಣೆಯಲ್ಲಿ ಕಣ್ಣಿಗೆ ಒಂದೇ ಗೆರೆ ಕಾಣ್ತದೆ, ಇಲ್ಲಾಂದ್ರೆ ದೊಡ್ಡ ಗೋಡೆಯ ನಡುವೆ ಎಲ್ಲಿಯೋ ಸಿಕ್ಕಿಸಿದ ಪೆಟ್ಟಿಗೆಯ ಹಾಗೆ. ಒಳಗೆ ಮೂರು ತಟ್ಟು (ಶೆಲ್ಫ್) ಬರ್ತದೆ, ಕೆಳಗಿನ ಎರಡು ದಿನಕ್ಕೆ, ಮೂರನೆಯದ್ದು ವಾರಕ್ಕೊಮ್ಮೆ ಬೇಕಾದ್ದಕ್ಕೆ. ಕಪಾಟಿನ ಆಳ 12 ಇಂಚು ಸಾಕು, 14 ಕ್ಕಿಂತ ಜಾಸ್ತಿ ಮಾಡಿದ್ರೆ ಬಗ್ಗಿ ಕೆಲಸ ಮಾಡುವಾಗ ಹಣೆಗೆ ತಾಗ್ತದೆ. ಗ್ಯಾಸ್ ಒಲೆಯ ಮೇಲೆ ಮಾತ್ರ ಈ 20 ಇಂಚು ನಡೆಯುದಿಲ್ಲ, ಚಿಮಣಿಗೆ 26 ರಿಂದ 30 ಇಂಚು ಬಿಡಬೇಕು.

7 ಅಡಿಯ ಮೇಲೆ ಎಂತ ಮಾಡುದು ಅಂತ ಕೇಳಿದ್ರೆ, ಅದು ಮನೆಯ ಮಾಡು (ಛಾವಣಿ) ಹಂಚಿನದ್ದಾ ಕಾಂಕ್ರೀಟಿನದ್ದಾ ಅಂತ ನೋಡಿ ಹೇಳಬೇಕು. ಹಂಚಿನ ಮಾಡಾದ್ರೆ ದಯವಿಟ್ಟು ಮೇಲಿನವರೆಗೆ ಮುಚ್ಚಬೇಡಿ. ಹಿಂದಿನವರು ಅಡಿಗೆಕೋಣೆ ಎತ್ತರ ಮಾಡಿದ್ದು ಹೊಗೆ ಮತ್ತೆ ಸೆಕೆ ಮೇಲೆ ಹೋಗಿ ಹಂಚಿನ ಸಂದಿನಲ್ಲಿ ಹೊರಗೆ ಹೋಗ್ಲಿಕ್ಕೆ. ಒಲೆಯ ಮೇಲಿನ ಅಟ್ಟದಲ್ಲಿ ಬುಟ್ಟಿ, ತೆಂಗಿನಕಾಯಿ ಎಲ್ಲ ಇಟ್ಟರೂ ಹಾಳಾಗ್ತಿರಲಿಲ್ಲ, ದಿನಾ ಹೊಗೆ ತಾಗಿ ತಾಗಿ ಹುಳ ಬರ್ತಿರಲಿಲ್ಲ, ಬೂಸ್ಟು ಹಿಡೀತಿರಲಿಲ್ಲ. ಈಗ ಗ್ಯಾಸ್ ಬಂದು ಹೊಗೆ ಹೋಯ್ತು, ನಾವು ಅದೇ ಜಾಗದಲ್ಲಿ ಪ್ಲೈವುಡ್ ಪೆಟ್ಟಿಗೆ ಇಟ್ಟು ಬಾಗಿಲು ಹಾಕ್ತೇವೆ, ಜೂನಿನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆ ಬೇರೆ, ಕಾಸರಗೋಡಿಗೆ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಉಂಟು ಮಾರಾಯ್ರೆ, ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಬಾಗಿಲು ತೆಗೆದು ನೋಡಿದ್ರೆ ಒಳಗೆ ಹಸಿರು ಬೂಸ್ಟು. ಒಂದು ಹಂಚು ಒಡೆದ್ರೆ ನೀರು ನೇರ ಕಪಾಟಿನ ತಲೆಗೆ, ಅದೂ ಕಾಣುದಿಲ್ಲ. ಹಾಗಾಗಿ ಹಂಚಿನ ಕೆಳಗೆ ಕನಿಷ್ಠ ಎರಡಡಿ ಬಯಲು ಬಿಡಿ, ಎಕ್ಸಾಸ್ಟ್ ಫ್ಯಾನ್ ಇದ್ರೆ ಅದರ ಎದುರಂತೂ ಏನೂ ಬೇಡ.

ಕಾಂಕ್ರೀಟ್ ಮಾಡಿನ 10 ಅಡಿ ಕೋಣೆಯಾದ್ರೆ 7 ಅಡಿಯ ಮೇಲೆ 36 ಇಂಚು ಉಳೀತದೆ. ಇದರಲ್ಲಿ 24 ಇಂಚಿನ ಲಾಫ್ಟ್ (ಅಟ್ಟದ ಹಾಗಿನ ಮೇಲಿನ ಕಪಾಟು) ಮಾಡಿ ಮೇಲೆ ಒಂದಡಿ ಬಿಡುದು ತುಂಬ ಕಡೆ ನೋಡಿದ್ದೇನೆ, ಅದು ಎಲ್ಲಕ್ಕಿಂತ ಕೆಟ್ಟದ್ದು, ಪೊರಕೆ ಸರಿ ಹೋಗುದಿಲ್ಲ, ಜಿರಳೆ ಇಲಿಗಳಿಗೆ ಮಾತ್ರ ಒಳ್ಳೆ ಜಾಗ, ಎಣ್ಣೆ ಜಿಡ್ಡಿಗೆ ಧೂಳು ಅಂಟಿ ಕೀಳ್ಲಿಕ್ಕೆ ಆಗದ ಹಾಗೆ ಆಗ್ತದೆ. ಒಂದಾ 18 ಇಂಚು ಮಾಡಿ ಮೇಲೆ 18 ಇಂಚು ಖಾಲಿ ಬಿಡಿ, ಇಲ್ಲಾಂದ್ರೆ ಮಾಡಿನವರೆಗೆ ಪೂರ್ತಿ ಮುಚ್ಚಿ.

ಆದ್ರೆ ಇದಕ್ಕಿಂತ ಮುಖ್ಯದ್ದು, ಎತ್ತರದ ಸ್ಟೋರೇಜ್ ಯಾವ ಗೋಡೆಗೆ ಅಂತ. ಗ್ರಾನೈಟ್ ಸ್ಲ್ಯಾಬಿನ ಮೇಲಿನ ಗೋಡೆಯಲ್ಲಿ 8 ಅಡಿ ಎತ್ತರಕ್ಕೆ ಕಪಾಟಿಟ್ರೆ ಏಣಿ ಸ್ಲ್ಯಾಬಿನ ಈಚೆ ನಿಲ್ಲಬೇಕು, ಅಲ್ಲಿಂದ ಒಂದಡಿಗಿಂತ ಜಾಸ್ತಿ ಮುಂದೆ ಬಗ್ಗಿ ಎರಡೂ ಕೈಯಲ್ಲಿ ಪಾತ್ರೆ ಇಳಿಸಬೇಕು, ಇಲ್ಲಾಂದ್ರೆ ಸ್ಲ್ಯಾಬಿನ ಮೇಲೆಯೇ ಹತ್ತುದು, ಎರಡೂ ಅಪಾಯ. ಅದರ ಬದಲು ಸ್ಲ್ಯಾಬ್ ಇಲ್ಲದ ಗೋಡೆ ಹುಡುಕಿ, ಫ್ರಿಜ್ ಇಡುವ ಬದಿ ಅಥವಾ ಬಾಗಿಲ ಹಿಂದಿನ ಗೋಡೆ. ಅಲ್ಲಿ ನೆಲದಿಂದಲೇ ಎದ್ದ ಕಪಾಟು ಮಾಡಿಸಿದ್ರೆ ಏಣಿ ಕಪಾಟಿಗೆ ಹತ್ತಿರ ಬರ್ತದೆ, ಭಾರ ನೆಲಕ್ಕೆ ಹೋಗ್ತದೆ, ಗೋಡೆಗೆ ತೂಗುದಿಲ್ಲ. ನಾವು ಎರಡನೇ ಸಲ ಹೀಗೆ ಮಾಡಿದ್ದು, ಸ್ಲ್ಯಾಬಿನ ಮೇಲೆ 7 ಅಡಿಗೆ ನಿಲ್ಲಿಸಿದೆವು, ಅಮ್ಮನಿಗೆ ಈಗ ದಿನದ ಕೆಲಸಕ್ಕೆ ಸ್ಟೂಲ್ ಬೇಕಾಗುದೇ ಇಲ್ಲ.

ಗೋಡೆಗೆ ತೂಗುವ ವಿಷಯ ಬಂತಲ್ಲ, ನಮ್ಮದು ಕೆಂಪುಕಲ್ಲಿನ ಗೋಡೆ, ಹಳೆ ಮನೆಗಳಲ್ಲಿ ಕಲ್ಲಿನ ನಡುವೆ ಇರುದು ಮಣ್ಣು. ಡ್ರಿಲ್ ಸಂದಿಗೆ ಬಿದ್ರೆ ಪುಡಿ ಸುರೀತದೆ, ಪ್ಲಾಸ್ಟಿಕ್ ಪ್ಲಗ್ ಬಿಗಿ ನಿಲ್ಲುದಿಲ್ಲ. ಮೂರಡಿ ಅಗಲದ ಕಪಾಟಿನಲ್ಲಿ ಸ್ಟೀಲ್ ತಟ್ಟೆ, ಪಿಂಗಾಣಿ ತುಂಬಿದ್ರೆ ಸುಲಭದಲ್ಲಿ 60-70 ಕಿಲೋ ಆಗ್ತದೆ. ಗೋಡೆಯ ಉದ್ದಕ್ಕೂ ಒಂದು ಜಿಐ ಪೈಪ್ ಅಥವಾ ಗಟ್ಟಿ ಮರದ ಪಟ್ಟಿ ಹಾಕಿ ಅದನ್ನು ನಾಲ್ಕೈದು ಬೇರೆ ಬೇರೆ ಕಲ್ಲಿಗೆ ಉದ್ದದ ಆಂಕರ್ ಬೋಲ್ಟ್‌ನಲ್ಲಿ ಬಿಗಿಸಿ, ಕಪಾಟನ್ನು ಆ ಪಟ್ಟಿಗೆ ಕೂರಿಸ್ಲಿಕ್ಕೆ ಹೇಳಿ. ಹೀಗೆ ಮಾಡಿದ್ರೆ ಹಿಂದೆ ಒಂದಿಂಚು ಗಾಳಿಯೂ ಸಿಕ್ತದೆ, ಮಳೆಗೆ ಗೋಡೆ ತೇವ ಕುಡಿದ್ರೂ ಪ್ಲೈಗೆ ತಾಗುದಿಲ್ಲ, ಒರಲೆ (ಗೆದ್ದಲು) ಹತ್ತಿದ್ರೆ ಮಣ್ಣಿನ ಗೆರೆ ಟಾರ್ಚ್ ಹಾಕಿ ನೋಡ್ಲಿಕ್ಕೂ ಆಗ್ತದೆ. ಮಳೆ ಬಡಿಯುವ ಪಡುಬದಿಯ ಗೋಡೆಗೆ ಕಪಾಟು ತಪ್ಪಿಸ್ಲಿಕ್ಕೆ ಆಗ್ತದಾ ನೋಡಿ.

ಪ್ಲೈ ಆದ್ರೆ ಐಎಸ್ 710 ಅಂತ ಸೀಲ್ ಇರುವ ಬಿಡಬ್ಲ್ಯೂಪಿ (ಕುದಿನೀರಿಗೂ ಪದರ ಬಿಡದ್ದು) ತಗೊಳ್ಳಿ, ಬರೀ ತೇವ ತಡೆಯುವ ಎಂಆರ್ ಗ್ರೇಡ್ ನಮ್ಮ ಮಳೆಗೆ ಆಗುದಿಲ್ಲ, ಕತ್ತರಿಸಿದ ಅಂಚಿಗೆಲ್ಲ ಪಟ್ಟಿ ಅಂಟಿಸ್ಲೇಬೇಕು. ಈಗ ನಮ್ಮಲ್ಲಿ ಎಲ್ಲರೂ ಹೇಳುವ ಮಲ್ಟಿವುಡ್ (ಪಿವಿಸಿ ಹಲಗೆ) ಇದೆಯಲ್ಲ, ನೀರಿಗೂ ಒರಲೆಗೂ ಒಳ್ಳೆದು, ಆದ್ರೆ ತಟ್ಟು ಎರಡಡಿಗಿಂತ ಉದ್ದ ಹಾಕಿದ್ರೆ ಭಾರಕ್ಕೆ ಬಗ್ಗುತ್ತದೆ, ಒಲೆಯ ಹತ್ತಿರ ಬೇಡ. ನೆಲದಿಂದ ಏಳುವ ಕಪಾಟಿಗೆ ಫೆರೋಸಿಮೆಂಟ್ (ತಂತಿ ಬಲೆಗೆ ಸಿಮೆಂಟ್ ಹಾಕಿ ಮಾಡಿದ ತೆಳು ಹಲಗೆ) ನನಗೆ ಇಷ್ಟ, ಒರಲೆ ತಿನ್ನುದಿಲ್ಲ, ನೀರಿಗೆ ಉಬ್ಬುದಿಲ್ಲ. ಬಾಗಿಲು ಒಂದೊಂದು 18 ಇಂಚಿಗಿಂತ ಅಗಲ ಬೇಡ, ಮೇಲಿನ ಸಾಲಿಗೆ ಮೇಲಕ್ಕೆ ಎತ್ತುವ ಬಾಗಿಲು ಚಂದ ಕಾಣ್ತದೆ ಆದ್ರೆ ಎತ್ತಿದ ಮೇಲೆ ಮುಚ್ಚಲಿಕ್ಕೆ ಕೈ ಎಟಕುದಿಲ್ಲ, ಅಲ್ಲಿ ಬದಿಗೆ ತೆರೆಯುವ ಬಾಗಿಲೇ ಸಾಕು, ಹಿಡಿ ಕೆಳಗಿನ ಮೂಲೆಗೆ.

ಮೇಲೆ ಎಂತ ಇಡುದು ಅಂತಲೂ ಮೊದಲೇ ಬರೆದಿಡಿ. ಉರುಳಿ, ಸೇಮಿಗೆ ಮಣೆ, ಉಪ್ಪಿನಕಾಯಿ ಭರಣಿ, ಹಿತ್ತಾಳೆ ಚರಿಗೆ ಇವೆಲ್ಲ ಕೆಳಗೇ ಇರಲಿ. ಎಣ್ಣೆ, ಹಪ್ಪಳ, ಮಸಾಲೆ ಮೇಲೆ ಬೇಡ, ಬೇಸಗೆಯಲ್ಲಿ ಮೇಲಿನ ಸೆಕೆಗೆ ಎಣ್ಣೆಗೆ ವಾಸನೆ ಬರ್ತದೆ. ಬೆತ್ತದ ಬುಟ್ಟಿ, ಹಪ್ಪಳ ಒಣಗಿಸುವ ಚಾಪೆ, ಖಾಲಿ ಡಬ್ಬ, ಪೂಜೆಗೆ ಜನ ಬಂದಾಗ ಮಾತ್ರ ತೆಗೆಯುವ ಹಗುರ ಲೋಟಗಳು ಮೇಲೆ ಹೋಗಲಿ.

ಕೆಲಸ ಡಿಸೆಂಬರಿನಿಂದ ಏಪ್ರಿಲ್ ಒಳಗೆ ಮುಗಿಸಿ, ಗೋಡೆ ಒಣಗಿರ್ತದೆ. ಹಳೆ ನೆಲ ಒಂದು ಮೂಲೆಗೆ ಇಳಿದಿರ್ತದೆ, ಹಾಗಾಗಿ ಎತ್ತರವನ್ನು ನೆಲದಿಂದ ಅಳೆಯದೆ ಟ್ಯೂಬಿನಲ್ಲಿ ನೀರು ಹಾಕಿ ಲೆವೆಲ್ ಹಿಡಿದು ಗೆರೆ ಎಳೆಯಲಿಕ್ಕೆ ಮೇಸ್ತ್ರಿಯವರ ಹತ್ರ ನೀವೇ ಹೇಳಿ. ಮತ್ತೆ ಆ ಪ್ಲಾನಿನಲ್ಲೇ ಫ್ರಿಜ್ ಬದಿಯಲ್ಲಿ ಆರಿಂಚು ಸಂದು ಬಿಡಿಸಿ, ಮೂರು ಮೆಟ್ಟಿಲಿನ ಅಲ್ಯೂಮಿನಿಯಂ ಮಡಚುವ ಏಣಿ ಅಲ್ಲೇ ನಿಲ್ಲಬೇಕು, ಏಣಿ ಚಾವಡಿಯಲ್ಲೋ ಕೊಟ್ಟಿಗೆಯಲ್ಲೋ ಇದ್ರೆ ಯಾರೂ ತರುದಿಲ್ಲ, ಸ್ಟೂಲ್ ಹತ್ತುತ್ತಾರೆ.