ಮಂಡ್ಯದಿಂದ ಊಟಿಯ ಹೂತೋಟಕ್ಕೆ, ರಾತ್ರಿ ಊಟಕ್ಕೆ ಮನೆಗೆ

ಮೇ ತಿಂಗಳಲ್ಲಿ ಮಂಡ್ಯದಿಂದ ಬಸ್ಸಿನಲ್ಲಿ ಊಟಿಗೆ ಹೋಗಿ, ಹೂತೋಟಗಳನ್ನು ನೋಡಿ, ಅದೇ ದಿನ ಮನೆ ಸೇರಲು ಆಗುವುದಿಲ್ಲ ಎಂದು ನಮ್ಮ ಕಡೆಯ ಟ್ರಾವೆಲ್ಸ್‌ನವರೆಲ್ಲ ಒಕ್ಕೊರಲಿನಿಂದ ಹೇಳುತ್ತಿದ್ದರು. "ಒಂದು ರಾತ್ರಿ ರೂಮ್ ಹಾಕಿಸಿ, ಇಲ್ಲವಾದರೆ ಬೃಂದಾವನಕ್ಕೇ ಕರೆದುಕೊಂಡು ಹೋಗಿ ಬನ್ನಿ" ಎಂದು ಒಬ್ಬರು ನಗುತ್ತಲೇ ಹೇಳಿದ್ದರು. ನಾನು ಒಂದೇ ದಿನದಲ್ಲಿ ಜನರನ್ನು ಕರೆದುಕೊಂಡು ಹೋಗಿ ಬರುವುದನ್ನು ಕಂಡು ಈಗ ಅವರೇ ಫೋನ್ ಮಾಡಿ, ಎಷ್ಟು ಗಂಟೆಗೆ ಹೊರಡುತ್ತೀರಿ, ಯಾವ ಬಸ್ಸು, ಎಲ್ಲಿ ನಿಲ್ಲಿಸುತ್ತೀರಿ ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ಬಸ್ ಗೊತ್ತುಮಾಡುವುದು, ಪರ್ಮಿಟ್, ಮುಂಗಡ, ಸೀಟಿನ ಪಟ್ಟಿ ಇವೆಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಬಿಡುತ್ತೇನೆ.

ಮೊದಲು ಎಲ್ಲರೂ ಮಾಡುವ ಹಾಗೆಯೇ ಶುರುವಾಯಿತು. ನಲವತ್ತೊಂಬತ್ತು ಸೀಟಿನ ಪುಶ್‌ಬ್ಯಾಕ್ ಬಸ್ಸು, ಭಾನುವಾರ, ಬೆಳಿಗ್ಗೆ ಐದಕ್ಕೆ ಮಂಡ್ಯ ಬಿಡುವುದು. ಹೊರಟಾಗ ಐದೂಮುಕ್ಕಾಲು. ಬಂಡೀಪುರದ ಗೇಟು ಮುಟ್ಟುವಷ್ಟರಲ್ಲಿ ಬೆಂಗಳೂರಿನ ಕಾರುಗಳೆಲ್ಲ ನಮಗಿಂತ ಮುಂದೆ ಇದ್ದವು. ಗೂಡಲೂರಿನಲ್ಲಿ ಹತ್ತೂವರೆ, ಪೈಕಾರದ ಹತ್ತಿರ ಒಂದು ಗಂಟೆ ಕಾಲ ಇಂಜಿನ್ ಆಫ್. ಊಟಿ ಸಿಕ್ಕಿದ್ದು ಮಧ್ಯಾಹ್ನ ಒಂದೂವರೆಗೆ, ಅದೂ ಊರಿನ ಹೊರಗೆ. ಸೀಸನ್‌ನಲ್ಲಿ ದೊಡ್ಡ ವಾಹನಗಳನ್ನು ಹೊರಗೇ ನಿಲ್ಲಿಸಿ, ಅಲ್ಲಿಂದ ಸರ್ಕ್ಯೂಟ್ ಬಸ್ಸಿನಲ್ಲಿ ಹೋಗಿ ಎನ್ನುತ್ತಾರೆ. ಅದರ ಸಾಲಿನಲ್ಲಿ ಇನ್ನೊಂದು ಮುಕ್ಕಾಲು ಗಂಟೆ. ಸಸ್ಯೋದ್ಯಾನದ ಒಳಗೆ ಕಾಲಿಟ್ಟ ಹತ್ತು ನಿಮಿಷಕ್ಕೆ ಮಳೆ ಹಿಡಿಯಿತು. ಆ ಪ್ರವಾಸಕ್ಕೆ ಬಂದಿದ್ದ ನಿವೃತ್ತ ಮೇಷ್ಟರೊಬ್ಬರು ವಾಪಸ್ ಬರುವಾಗ ಮೈಕ್ ತೆಗೆದುಕೊಂಡು, "ಹೂವು ನೋಡಿದ್ದಕ್ಕಿಂತ ಮುಂದಿನ ಬಸ್ಸಿನ ನಂಬರ್ ಪ್ಲೇಟ್ ನೋಡಿದ್ದೇ ಹೆಚ್ಚು" ಎಂದರು. ಬಸ್ಸಿಗೆ ಬಸ್ಸೇ ನಕ್ಕಿತು. ಕೆಲವರಿಗೆ ನಾನು ಅರ್ಧ ದುಡ್ಡು ಹಿಂದಿರುಗಿಸಿದೆ; ಯಾರೂ ಕೇಳಿರಲಿಲ್ಲ, ಆದರೂ ಕೊಟ್ಟೆ. ಅದರಿಂದಲೇ ಮುಂದಿನ ಬಾರಿಗೆ ಜನ ಬಂದರು ಎಂಬುದು ಬೇರೆ ಮಾತು.

ಆಮೇಲೆ ಲೆಕ್ಕ ಹಾಕುತ್ತಾ ಕುಳಿತಾಗ ಗೊತ್ತಾಗಿದ್ದು, ಈ ಪ್ರವಾಸವನ್ನು ನಡೆಸುವುದು ಊಟಿಯಲ್ಲ, ಬಂಡೀಪುರದ ಗೇಟು. 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಕಾಡಿನ ರಸ್ತೆ ಬಂದ್. ನಮಗೆ ಸಿಗುವುದು ಆರರಿಂದ ಒಂಬತ್ತು, ಹದಿನೈದು ಗಂಟೆ. ಆರು ಗಂಟೆಗೆ ಗೇಟು ತೆರೆಯುವಾಗ ಸಾಲಿನ ಮೊದಲ ಹತ್ತು ಗಾಡಿಗಳಲ್ಲಿ ನಮ್ಮದೊಂದು ಇದ್ದರೆ ದಿನವೆಲ್ಲ ನಮ್ಮದು. ಆರೂಕಾಲಿಗೆ ಹೋದರೆ ನೂರು ಗಾಡಿಗಳ ಹಿಂದೆ. ಕಾಲು ಗಂಟೆ ತಡವಾದರೆ ಗೂಡಲೂರಿನಲ್ಲಿ ಅದು ಒಂದೂವರೆ ಗಂಟೆಯಾಗಿರುತ್ತದೆ, ನೋಡಿದ್ದೇನೆ. ಹಾಗಾಗಿ ಈಗ ಮಂಡ್ಯ ಬಿಡುವುದು ಬೆಳಗಿನ ಮೂರೂವರೆಗೆ. ಮೈಸೂರಿನ ರಿಂಗ್ ರಸ್ತೆಯಲ್ಲಿ ಅಲ್ಲಿನವರನ್ನು ಹತ್ತಿಸಿಕೊಂಡು, ನಂಜನಗೂಡು, ಗುಂಡ್ಲುಪೇಟೆ ದಾಟಿ ಐದೂವರೆಗೆಲ್ಲ ಗೇಟಿನ ಮುಂದೆ. ಮೂರೂವರೆಗೆ ಹೆಂಗಸರು, ವಯಸ್ಸಾದವರು ಬರುತ್ತಾರೆಯೇ ಎಂದು ಕೇಳಿದವರಿದ್ದಾರೆ. ತಿರುಪತಿಗೆ ಎರಡು ಗಂಟೆಗೆ ಎದ್ದು ಹೊರಡುವ ಜನ ನಮ್ಮವರು. ಬರುತ್ತಾರೆ. ತಡವಾಗಿ ಬರುವವರು ಯಾವಾಗಲೂ ಮನೆ ಹತ್ತಿರ ಇರುವವರೇ.

ಎರಡನೆಯದು ಬಸ್ಸಿನ ಗಾತ್ರ. ಇದರಲ್ಲೇ ನನಗೆ ಹೆಚ್ಚು ವಿರೋಧ ಬಂದಿದ್ದು. ನಲವತ್ತೊಂಬತ್ತರ ಬದಲು ಮೂವತ್ತಮೂರು ಸೀಟಿನದಕ್ಕೆ ಇಳಿದೆ. "ತಲೆಗೆ ಬೀಳುವ ಖರ್ಚು ಏರುತ್ತದೆ, ಉಳಿಯುವುದೇನು?" ಎಂದರು. ಕಾಗದದ ಮೇಲೆ ಅವರದೇ ಸರಿ. ಆದರೆ ದೊಡ್ಡ ಬಸ್ಸು ನಮ್ಮ ಊರಿನಲ್ಲಿ ತುಂಬುವುದೇ ಇಲ್ಲ. ಕೊನೆಯ ರಾತ್ರಿ ಹತ್ತು ಜನ ಕೈಕೊಡುತ್ತಾರೆ. ಒಬ್ಬರಿಗೆ ಮೊಮ್ಮಗನ ಜ್ವರ, ಇನ್ನೊಬ್ಬರಿಗೆ ನೆಂಟರು ಬಂದಿರುತ್ತಾರೆ. ಮೂವತ್ತಮೂರು ಸೀಟಿಗೆ ಸಾಮಾನ್ಯವಾಗಿ ನಲವತ್ತು ಹೆಸರು ಇರುತ್ತದೆ, ಕಾಯುವವರ ಪಟ್ಟಿ ಇದೆ ಎಂದು ಗೊತ್ತಿದ್ದರೆ ಜನ ಮುಂಗಡವಲ್ಲ, ಪೂರ್ತಿ ದುಡ್ಡನ್ನೇ ಕಟ್ಟುತ್ತಾರೆ. ಘಾಟಿನ ತಿರುವುಗಳಲ್ಲಿ ಚಿಕ್ಕ ಗಾಡಿ ಎದುರಿನ ಲಾರಿಗೆ ದಾರಿ ಬಿಟ್ಟು ಸರಿದು ನಿಲ್ಲುತ್ತದೆ. ದೊಡ್ಡದು ಹಿಂದೆ ಮುಂದೆ ಮಾಡುತ್ತಾ ಎಲ್ಲರ ಬಾಯಲ್ಲೂ ಬೈಗುಳ ಕೇಳಿಸಿಕೊಳ್ಳುತ್ತದೆ.

ಲೆಕ್ಕ ಹೇಳಿಬಿಡುತ್ತೇನೆ, ಎಲ್ಲವೂ ನೆನಪಿನಿಂದ. ಹೋಗಿಬರುವುದು ಸುಮಾರು ನಾನೂರು ಕಿಲೋಮೀಟರ್. ಬಾಡಿಗೆ ಹದಿನೇಳು ಸಾವಿರದ ಆಸುಪಾಸು. ತಮಿಳುನಾಡಿನ ತೆರಿಗೆ, ಡ್ರೈವರ್ ಮತ್ತು ಕ್ಲೀನರ್ ಬಾಟಾ, ಪಾರ್ಕಿಂಗ್ ಸೇರಿ ಇನ್ನೊಂದು ನಾಲ್ಕೈದು ಸಾವಿರ. ತಿಂಡಿ ಊಟಕ್ಕೆ ತಲೆಗೆ ನೂರಾ ಅರವತ್ತೋ ಎಪ್ಪತ್ತೋ. ತೋಟಗಳ ಟಿಕೆಟ್ ಮತ್ತು ಊಟಿಯ ಒಳಗಿನ ಓಡಾಟಕ್ಕೆ ತಲೆಗೆ ಇನ್ನೂರೈವತ್ತು ಎತ್ತಿಡುತ್ತೇನೆ. ಒಟ್ಟು ಮೂವತ್ತೈದು, ಮೂವತ್ತಾರು ಸಾವಿರ. ನಾನು ತೆಗೆದುಕೊಳ್ಳುವುದು ಸಾವಿರದ ಇನ್ನೂರೈವತ್ತು. ಬಸ್ಸು ತುಂಬಿದರೆ ಕೈಯಲ್ಲಿ ಐದೂವರೆ, ಆರು ಸಾವಿರ ನಿಲ್ಲುತ್ತದೆ. ದೊಡ್ಡ ಬಸ್ಸಿನಲ್ಲಿ ಇನ್ನೂ ಹೆಚ್ಚು ಬರುತ್ತಿತ್ತಲ್ಲವೇ ಎಂದರೆ, ಬರುತ್ತಿತ್ತು, ಆದರೆ ಹತ್ತು ಸೀಟು ಖಾಲಿಯಾದ ದಿನ ಅಷ್ಟೇ ಹೋಗುತ್ತಿತ್ತು.

ಮೂರನೆಯದು ದಿನ. ಮಂಗಳವಾರ ಅಥವಾ ಬುಧವಾರ. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ, ಊಟಿ ಇರುವ ನೀಲಗಿರಿ ಜಿಲ್ಲೆಗೆ ಹೋಗುವ ವಾಹನಗಳಿಗೆ ಇ-ಪಾಸ್ ಬಂತು. 2025ರ ಸೀಸನ್‌ನಲ್ಲಿ ಕೆಲಸದ ದಿನಗಳಿಗೆ 6,000, ವಾರಾಂತ್ಯಕ್ಕೆ 8,000 ವಾಹನಗಳ ಮಿತಿ ಹಾಕಿದರು. ಪಾಸ್ ಸಿಗುವುದೇ ಕಷ್ಟ ಎಂದು ಹೆದರಿಸುವವರಿದ್ದಾರೆ. ಕಷ್ಟ ಪಾಸಿನದಲ್ಲ, ನಂಬರಿನದು. ಒಮ್ಮೆ ಹೊರಡುವ ಹಿಂದಿನ ರಾತ್ರಿ ಬಸ್ಸಿನ ಮಾಲೀಕರು ನಮಗೆ ಹೇಳದೆ ಗಾಡಿ ಬದಲಿಸಿದ್ದರು. ತಮಿಳುನಾಡು ಗಡಿಯ ಕಕ್ಕನಹಳ್ಳದ ಚೆಕ್‌ಪೋಸ್ಟ್‌ನಲ್ಲಿ ಪಾಸಿನ ನಂಬರ್ ಒಂದು, ಗಾಡಿಯ ನಂಬರ್ ಇನ್ನೊಂದು. ಕಾಡಿನ ಅಂಚಿನಲ್ಲಿ ಮೊಬೈಲ್ ಸಿಗ್ನಲ್ ಹುಡುಕುತ್ತಾ ಹೊಸ ಪಾಸ್ ತೆಗೆಯುವಷ್ಟರಲ್ಲಿ ಗೇಟಿನಲ್ಲಿ ಗಳಿಸಿದ್ದ ಸಮಯವೆಲ್ಲ ಅಲ್ಲೇ ಕರಗಿತು. ಈಗ ರಾತ್ರಿ ಎಂಟಕ್ಕೆ ಗಾಡಿಯ ಮುಂದೆ ನಿಂತು ನಂಬರಿನ ಫೋಟೊ ಕಳಿಸು ಎಂದು ಡ್ರೈವರ್‌ಗೆ ಹೇಳುತ್ತೇನೆ. ಆ ಫೋಟೊ ನೋಡಿದ ಮೇಲೆಯೇ ಪಾಸ್. ಆ ಮಾಲೀಕರ ಹತ್ತಿರ ಮತ್ತೆ ಗಾಡಿ ಕೇಳಿಲ್ಲ.

ಮಸಿನಗುಡಿ, ಕಲ್ಲಹಟ್ಟಿ ದಾರಿ ಹತ್ತಿರವಲ್ಲವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಹತ್ತಿರ ನಿಜ, ಮೂವತ್ತು ಕಿಲೋಮೀಟರ್‌ಗಿಂತ ಹೆಚ್ಚು ಉಳಿಯುತ್ತದೆ. ಆದರೆ ಮೂವತ್ತಾರು ಹೇರ್‌ಪಿನ್ ತಿರುವಿನ ಆ ಕಡಿದಾದ ಘಾಟು ಪ್ರವಾಸಿ ಬಸ್ಸುಗಳಿಗಲ್ಲ. ತೆಪ್ಪಕಾಡಿನಿಂದ ಬಲಕ್ಕೆ, ಗೂಡಲೂರು, ನಡುವಟ್ಟಂ, ಪೈಕಾರ. ಅಷ್ಟೇ.

ತಿಂಡಿಯ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಇದರಲ್ಲಿ ನಾನು ಮಾಡಿದಷ್ಟು ಪ್ರಯೋಗ ಇನ್ನಾವುದರಲ್ಲೂ ಮಾಡಿಲ್ಲ. ಮೊದಲು ಗೂಡಲೂರಿನಲ್ಲಿ ಇಡ್ಲಿ ಚಟ್ನಿ ಕೊಡುತ್ತಿದ್ದೆವು. ಹೊಟ್ಟೆ ತುಂಬ ತಿಂದವರು ಘಾಟಿನ ಆರನೇ ತಿರುವಿಗೆ ಕಿಟಕಿ ತೆಗೆಯುತ್ತಿದ್ದರು. ಉಪ್ಪಿಟ್ಟಿಗೆ ಬದಲಿಸಿದರೆ ಇನ್ನೂ ಕೆಟ್ಟಿತು. ಬರಿ ಬಾಳೆಹಣ್ಣು ಕೊಟ್ಟ ಬಾರಿ ಜಗಳವೇ ಆಯಿತು, ಸಾವಿರದ ಇನ್ನೂರು ಕೊಟ್ಟು ಬಾಳೆಹಣ್ಣೇ ಎಂದರು. ಈಗ ಗೇಟಿನಲ್ಲಿ ಕಾಯುವಾಗ ಒಂದು ಕೋಡುಬಳೆ, ಅರ್ಧ ಲೋಟ ಕಾಫಿ. ಬೇಕಾದವರಿಗೆ ವಾಂತಿಯ ಮಾತ್ರೆ. ತಿಂಡಿ ಘಾಟು ಹತ್ತಿದ ಮೇಲೆ, ನಡುವಟ್ಟಂನಲ್ಲಿ. ತಣ್ಣನೆ ಗಾಳಿ, ಬಿಸಿ ಪೊಂಗಲ್. ಬಿಸಿ ಹೇಗೆ ಎಂದು ಕೇಳಬೇಡಿ. ಮಂಡ್ಯದಲ್ಲಿ ಎರಡೂವರೆಗೆ ತುಂಬಿದ ಪೊಂಗಲ್ ಎಂಟೂವರೆಗೆ ಹೊಗೆಯಾಡುವಂತೆ ಇಡುವುದು ನಮ್ಮ ಅಡುಗೆಯವರ ಗುಟ್ಟು, ಅವರ ಅಪ್ಪಣೆ ಇಲ್ಲದೆ ನಾನು ಬರೆಯಲಾರೆ. ಒಂದು, ಎರಡು ಲೀಟರಿನ ಪ್ಲಾಸ್ಟಿಕ್ ನೀರಿನ ಬಾಟಲಿಗಳನ್ನು ನೀಲಗಿರಿಯ ಗಡಿಯಲ್ಲೇ ಇಳಿಸಿಕೊಳ್ಳುತ್ತಾರೆ. ಆದ್ದರಿಂದ ನಲ್ಲಿ ಇರುವ ಸ್ಟೀಲ್ ಡ್ರಮ್ಮು, ಅಡಿಕೆ ಹಾಳೆಯ ತಟ್ಟೆ.

ನಡುವಟ್ಟಂನಲ್ಲಿ ಕೈತೊಳೆದುಕೊಳ್ಳುವಾಗ ನಾನು ಒಂದು ಮಾತು ಹೇಳುತ್ತೇನೆ. ಊಟಿಯ ಸಸ್ಯೋದ್ಯಾನವನ್ನು 1848ರಿಂದ ಕಟ್ಟಿದ ವಿಲಿಯಂ ಗ್ರಹಾಂ ಮ್ಯಾಕೈವರ್, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿ ಬಂದ ತೋಟಗಾರ. ನೀಲಗಿರಿಯ ಸಿಂಕೋನಾ ತೋಟಗಳನ್ನು ಬೆಳೆಸಿದವರೂ ಅವರೇ. ಮಲೇರಿಯಾಕ್ಕೆ ಕೊಡುತ್ತಿದ್ದ ಕ್ವಿನೈನ್ ಬರುತ್ತಿದ್ದುದು ಆ ಮರದ ತೊಗಟೆಯಿಂದ, ಆ ತೋಟಗಳಲ್ಲಿ ಒಂದು ಇದ್ದದ್ದು ಇದೇ ನಡುವಟ್ಟಂನಲ್ಲಿ. ಕೆ.ಆರ್.ಎಸ್. ಕಾಲುವೆ ಬಂದ ಹೊಸದರಲ್ಲಿ ಮಲೇರಿಯಾ ಕಂಡ ಮನೆಗಳವರು ನಮ್ಮ ಬಸ್ಸಿನಲ್ಲಿ ಇರುತ್ತಾರೆ. ಅವರು ಕಿವಿಗೊಟ್ಟು ಕೇಳುತ್ತಾರೆ, ಚಿಕ್ಕವರು ಸೆಲ್ಫಿ ತೆಗೆದುಕೊಳ್ಳುತ್ತಾರೆ.

ಹತ್ತಕ್ಕೆ ಊಟಿ. ಇಲ್ಲಿಂದ ನನ್ನ ಕ್ರಮವೇ ಬೇರೆ. ಎಲ್ಲರೂ ಮೊದಲು ಸಸ್ಯೋದ್ಯಾನಕ್ಕೆ ನುಗ್ಗುತ್ತಾರೆ. ನಾನು ಗುಲಾಬಿ ತೋಟದಿಂದ ಶುರುಮಾಡುತ್ತೇನೆ. ಮೇ ತಿಂಗಳಲ್ಲಿ ಊಟಿಯ ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಸಸ್ಯೋದ್ಯಾನದಲ್ಲಿ ಮಳೆ ಬಂದರೆ ಗಾಜಿನ ಮನೆಯ ಒಳಗೆ ಸೇರಿಕೊಂಡು ಕುಂಡದ ಹೂಗಳನ್ನಾದರೂ ನೋಡಬಹುದು. ಗುಲಾಬಿಗೆ ಮರೆ ಇಲ್ಲ. ಒಂದು ಜೋರು ಮಳೆ ಬಿದ್ದರೆ ಬಿಳಿ ಮತ್ತು ಹಳದಿ ಹೂಗಳ ಅಂಚು ಕಂದಾಗಿ, ಎಸಳುಗಳು ಒಂದಕ್ಕೊಂದು ಅಂಟಿಕೊಂಡು ಒದ್ದೆ ಕಾಗದದ ಉಂಡೆಯಂತೆ ಕಾಣುತ್ತವೆ. ಕೆಂಪು ಸ್ವಲ್ಪ ತಡೆದುಕೊಳ್ಳುತ್ತದೆ. ಎಲ್ಕ್ ಹಿಲ್ಲಿನ ಇಳಿಜಾರಿನಲ್ಲಿ ಐದು ಮಜಲಾಗಿರುವ ಈ ತೋಟವನ್ನು 1995ರಲ್ಲಿ, ಫಲಪುಷ್ಪ ಪ್ರದರ್ಶನದ ಶತಮಾನೋತ್ಸವದ ನೆನಪಿಗೆ ಮಾಡಿದರು. ಶುರುವಿನಲ್ಲೇ ಸಾವಿರದ ಒಂಬೈನೂರಕ್ಕೂ ಹೆಚ್ಚು ಬಗೆಯ ಗುಲಾಬಿಗಳಿದ್ದವು. ಮೇಲಿನ ಮಜಲಿಗೆ ಮೊದಲು ಹತ್ತಿ, ಇಳಿಯುತ್ತಾ ನೋಡಬೇಕು. ಕೆಳಗಿನಿಂದ ಶುರುಮಾಡಿದರೆ ಅಜ್ಜಿಯಂದಿರು ಮೂರನೇ ಮಜಲಿನಲ್ಲೇ ಕುಳಿತುಬಿಡುತ್ತಾರೆ.

ನಾಗಮಂಗಲದ ಕಡೆಯ ಒಬ್ಬ ಅಮ್ಮ ಪ್ರತಿ ಗಿಡಕ್ಕೂ ಬಗ್ಗಿ ಮೂಸಿ, "ಇಷ್ಟು ದೊಡ್ಡ ಹೂವು, ವಾಸನೆಯೇ ಇಲ್ಲವಲ್ಲಪ್ಪ, ಮುಡಿದರೆ ಯಾರಿಗೆ ಗೊತ್ತಾಗುತ್ತದೆ?" ಎಂದು ಕೇಳಿದರು. ಅವರ ಜಡೆಯಲ್ಲಿ ಹಿಂದಿನ ಸಂಜೆಯ ಮೈಸೂರು ಮಲ್ಲಿಗೆ ಬಾಡಿತ್ತು, ಘಮ ಮಾತ್ರ ಹಾಗೆಯೇ ಇತ್ತು. ಸುತ್ತಲಿನವರು ನಕ್ಕರು, ಉತ್ತರ ಯಾರಲ್ಲೂ ಇರಲಿಲ್ಲ. ನಮ್ಮ ಗಂಡಸರಿಗೆ ಮಾತ್ರ ಬೇರೆಯದೇ ಕುತೂಹಲ. ಗಿಡದ ಬುಡದ ಮಣ್ಣು ಚಿವುಟಿ ನೋಡುವುದು, ಎಷ್ಟು ದಿನಕ್ಕೊಮ್ಮೆ ಗೊಬ್ಬರ ಎಂದು ಮಾಲಿಯನ್ನು ಕೇಳುವುದು. ಮಾಲಿಗಳಲ್ಲಿ ಕೆಲವರು ನೀಲಗಿರಿಯ ಬಡಗ ಸಮುದಾಯದವರು, ಅವರ ಮಾತು ನಮ್ಮವರಿಗೆ ಅರ್ಧಕ್ಕರ್ಧ ತಿಳಿಯುತ್ತದೆ. ಚಳಿಗಾಲದಲ್ಲಿ ಸವರಿ ಬಿಡುತ್ತಾರಂತೆ, ಏಪ್ರಿಲ್‌ನಿಂದ ಹೂವು ಕಿಕ್ಕಿರಿಯುತ್ತದೆ. ಏಪ್ರಿಲ್ ಕೊನೆಯ ವಾರವೇ ಗುಲಾಬಿಗೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ, ಆಗ ಜನವೂ ಕಡಿಮೆ.

ಹನ್ನೆರಡಕ್ಕೆ ಊಟ. ಪುಳಿಯೋಗರೆ, ಮೊಸರನ್ನ, ಉಪ್ಪಿನಕಾಯಿ. ಎಲ್ಲಿ ಕುಳಿತು ಎಂಬುದನ್ನು ಹೇಳುವುದಿಲ್ಲ. ಹೇಳಿದರೆ ಮುಂದಿನ ಸೀಸನ್‌ನಲ್ಲಿ ನನಗೇ ಜಾಗ ಇರುವುದಿಲ್ಲ.

ಒಂದಕ್ಕೆ ಸಸ್ಯೋದ್ಯಾನ. ದೊಡ್ಡಬೆಟ್ಟದ ತಪ್ಪಲಿನಲ್ಲಿ ಐವತ್ತೈದು ಎಕರೆ. ಎಲ್ಲವನ್ನೂ ನೋಡಿಸಲು ಹೋಗಬಾರದು. ಕುಂಡಗಳ ಸಾಲು, ಇಟಾಲಿಯನ್ ತೋಟ, ಎರಡು ಕೋಟಿ ವರ್ಷದಷ್ಟು ಹಳೆಯದೆನ್ನುವ ಕಲ್ಲಾದ ಮರದ ಕಾಂಡ, ಇಷ್ಟು ಸಾಕು. ಆ ಕಾಂಡದ ಮುಂದೆ ಎಲ್ಲರೂ ಒಂದು ಸಾರಿ ಕೈಮುಗಿಯುತ್ತಾರೆ, ಯಾಕೆಂದು ನನಗೆ ಇದುವರೆಗೆ ತಿಳಿದಿಲ್ಲ. ಪ್ರದರ್ಶನದ ದಿನಗಳನ್ನು ನಾನು ತಪ್ಪಿಸುತ್ತೇನೆ. ಟಿಕೆಟ್ ದರ ಏರಿರುತ್ತದೆ, ಹೂವಿನಲ್ಲಿ ಮಾಡಿದ ಗೊಂಬೆಗಳನ್ನು ನೋಡಲು ತಲೆಗಳ ಮೇಲಿಂದ ಇಣುಕಬೇಕು. ಪ್ರದರ್ಶನ ಮುಗಿದ ಮರುವಾರ ಹೋದಾಗ ಕುಂಡಗಳು ಹೆಚ್ಚುಕಡಿಮೆ ಹಾಗೆಯೇ ಇದ್ದವು, ಜನ ಅರ್ಧವೂ ಇರಲಿಲ್ಲ.

ಸಸ್ಯೋದ್ಯಾನದ ನೂಕುನುಗ್ಗಲು ಜಾಸ್ತಿ ಎಂದು ಕಂಡರೆ ನೇರ ಫರ್ನ್‌ಹಿಲ್‌ನ ಕಡೆಗೆ ತಿರುಗಿಸುತ್ತೇನೆ. ಅಲ್ಲಿ ನಮ್ಮ ಕರ್ನಾಟಕ ತೋಟಗಾರಿಕೆ ಇಲಾಖೆಯದೇ ಮೂವತ್ತೆಂಟು ಎಕರೆಯ ಉದ್ಯಾನ ಇದೆ. ಗಾಜಿನ ಮನೆ, ತೂಗುಸೇತುವೆ, ಹುಲ್ಲಿನ ಇಳಿಜಾರು. ಮೈಸೂರು ಅರಸರ ಫರ್ನ್‌ಹಿಲ್ ಅರಮನೆಯೂ ಪಕ್ಕದಲ್ಲೇ. ಮಂಡ್ಯದವರಿಗೆ ಇದು ಗೊತ್ತೇ ಇರುವುದಿಲ್ಲ. ಕನ್ನಡದ ಫಲಕ ಕಂಡ ಕೂಡಲೇ ಬಸ್ಸಿನಲ್ಲಿ ಒಂದು ಚಪ್ಪಾಳೆ ಗ್ಯಾರಂಟಿ.

ನಾಲ್ಕಕ್ಕೆ ಊಟಿ ಬಿಡಬೇಕು. ನಾಲ್ಕೂಕಾಲು ಆದರೂ ಪರವಾಗಿಲ್ಲ, ಐದಾದರೆ ಎದೆ ಹೊಡೆದುಕೊಳ್ಳಲು ಶುರುವಾಗುತ್ತದೆ. ವರ್ಕಿ ಬಿಸ್ಕತ್ತು, ಚಾಕೊಲೇಟ್ ಕೊಳ್ಳಲು ಮಾರುಕಟ್ಟೆಯಲ್ಲಿ ನಿಲ್ಲಿಸುವುದಿಲ್ಲ. ಪೈಕಾರದ ಹತ್ತಿರ ಹದಿನೈದು ನಿಮಿಷ, ಅಲ್ಲೇ ಕೊಳ್ಳಿ. ಇದಕ್ಕೆ ಪ್ರತಿ ಸಾರಿ ಮುನಿಸು ಇದ್ದೇ ಇರುತ್ತದೆ. ಕತ್ತಲಾಗುವುದರೊಳಗೆ ತೆಪ್ಪಕಾಡು, ಎಂಟರ ಸುಮಾರಿಗೆ ಗುಂಡ್ಲುಪೇಟೆ, ಹತ್ತರ ಆಸುಪಾಸಿಗೆ ಮಂಡ್ಯ.

ನಡುವೆ ಬೇರೆ ಕೈಯೂ ಆಡಿಸಿ ನೋಡಿದೆ. ಜನವರಿಯ ಲಾಲ್‌ಬಾಗ್ ಪ್ರದರ್ಶನಕ್ಕೆ ಬಸ್ಸು ಹಾಕಿದ್ದು ನೆಲಕಚ್ಚಿತು. ಮಂಡ್ಯದಿಂದ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಬರಲು ಒಂದು ಊಟದ ದುಡ್ಡು ಸಾಕು, ಬಸ್ಸಿಗೆ ಐನೂರು ಯಾರು ಕೊಡುತ್ತಾರೆ? ಜುಲೈನಲ್ಲಿ ಗುಂಡ್ಲುಪೇಟೆಯ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳಿಗೆ ಅರ್ಧ ದಿನದ ಪ್ರವಾಸ ಮಾಡಿದ್ದು ಪರವಾಗಿಲ್ಲ. ಹೊಲದವರು ತಲೆಗೆ ಇಪ್ಪತ್ತೋ ಮೂವತ್ತೋ ತೆಗೆದುಕೊಂಡು ಒಳಗೆ ಬಿಡುತ್ತಾರೆ. ಕಷ್ಟವೆಂದರೆ ಸೂರ್ಯಕಾಂತಿ ನಿಮ್ಮ ಪಟ್ಟಿ ನೋಡಿ ಅರಳುವುದಿಲ್ಲ. ಮಳೆ ಹತ್ತು ದಿನ ತಡವಾದ ವರ್ಷ ಬರಿ ಹಸಿರು ಎಲೆ ನೋಡಿಕೊಂಡು ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿ ಕೈಮುಗಿದು ಬಂದೆವು. ಅದಕ್ಕೆ ಈಗ ಹೊಲದವರೊಬ್ಬರ ನಂಬರ್ ಇಟ್ಟುಕೊಂಡಿದ್ದೇನೆ, ಅವರು ಮೊಗ್ಗಿನ ಫೋಟೊ ಕಳಿಸಿದ ಮೇಲೆಯೇ ದುಡ್ಡು ಎತ್ತುವುದು.

ಮುಂದಿನ ಸೀಸನ್‌ಗೆ ದರ ಸಾವಿರದ ಮುನ್ನೂರು ಮಾಡಬೇಕಾಗಬಹುದು. ಹಳಬರಿಗೆ ಹಳೆಯ ದರವೇ ಎಂದು ಬಾಯಿಬಿಟ್ಟು ಹೇಳಿಬಿಟ್ಟಿದ್ದೇನೆ, ಪಟ್ಟಿಯಲ್ಲಿ ಮುಕ್ಕಾಲು ಪಾಲು ಹಳಬರೇ ಇದ್ದಾರೆ.